ಮಹಡಿ ಮನೆ ಅಣ್ಣನ ಎದುರು ನಾನು ಗೆದ್ದ ವಾದ

ಮಹಡಿ ಮನೆ ಅಣ್ಣನ ಮಂಡಿ ಹೋಯಿತು, ಅದಕ್ಕೇ ಅವನ ಆಟ ನಿಂತಿತು ಎನ್ನುತ್ತಾರೆ. ಕಾಡುಗೋಡಿಯ ನಮ್ಮ ಬೀದಿಯಲ್ಲಿ ಇವತ್ತಿಗೂ ಯಾರನ್ನು ಕೇಳಿದರೂ ಇದೇ ಉತ್ತರ. ಬೇಕರಿಯವರು ಹೇಳುತ್ತಾರೆ, ಇಸ್ತ್ರಿ ಅಂಗಡಿಯವರು ಹೇಳುತ್ತಾರೆ, ನಮ್ಮಪ್ಪನೂ ಹೇಳುತ್ತಾರೆ. "ಒಳ್ಳೆ ಪ್ಲೇಯರ್ ಕಣಮ್ಮ. ಮಂಡಿ ಒಂದು ಕೈ ಕೊಡ್ತು, ಇಲ್ದಿದ್ರೆ ಎಲ್ಲಿಗೋ ಹೋಗ್ಬಿಡ್ತಿದ್ದ." ನಾನು ಇದನ್ನು ಒಪ್ಪುವುದಿಲ್ಲ. ಮಂಡಿಗೆ ಪೆಟ್ಟಾದದ್ದು ಸುಳ್ಳಲ್ಲ. ಆದರೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ ಎಂದು ಯಾರೂ ವಿಚಾರಿಸಿಲ್ಲ. ವಿಚಾರಿಸಿದರೆ ಮಂಡಿ ನಿರಪರಾಧಿ ಎಂದು ಗೊತ್ತಾಗುತ್ತದೆ. ಆಗ ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತದೆ.

ಹೋದ ತಿಂಗಳು ಮೆಟ್ರೋದಲ್ಲಿ ಪಕ್ಕ ಕೂತಿದ್ದ ಹುಡುಗಿಯೊಬ್ಬಳು ಬ್ಯಾಗು ತೆರೆದು, ಪಾದದ ಗಿಣ್ಣಿಗೆ ನೋವಿನ ಸ್ಪ್ರೇ ಹೊಡೆದುಕೊಂಡಳು. ಕರ್ಪೂರಕ್ಕೆ ಆಸ್ಪತ್ರೆಯನ್ನು ಬೆರೆಸಿದಂಥ ಆ ವಾಸನೆಗೆ ಎದುರಿನ ಸೀಟಿನವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ನಮ್ಮ ಮನೆಯ ಮೆಟ್ಟಿಲು ಕಣ್ಣ ಮುಂದೆ ಬಂತು. ನಾಲ್ಕು ವರ್ಷ ಆ ಮೆಟ್ಟಿಲು ಇದೇ ವಾಸನೆ ಹೊಡೆಯುತ್ತಿತ್ತು...

ಹೊಲವಿದ್ದ ಜಾಗದಲ್ಲಿ ಅಪ್ಪ ಮೂರು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮೇಲಿನ ಮನೆಗೆ ಅವರು ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ತಾಯಿ, ಮಗ ಇಬ್ಬರೇ. ಆಂಟಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದರು. ಮಗ ನನಗಿಂತ ಎರಡು ಮೂರು ವರ್ಷ ದೊಡ್ಡವನು, ನಾನು ಅಣ್ಣ ಎಂದೇ ಕರೆಯುತ್ತಿದ್ದೆ. ಫುಟ್‌ಬಾಲ್ ಆಡುತ್ತಿದ್ದ. ಆಡುತ್ತಿದ್ದ ಎಂದರೆ ಎಲ್ಲರ ಹಾಗೆ ಅಲ್ಲ. ನಗರದ ಒಂದು ದೊಡ್ಡ ಕ್ಲಬ್ಬಿನ ಕಿರಿಯರ ತಂಡದಲ್ಲಿದ್ದ, ಮುಂಚೂಣಿಯ ಆಟಗಾರ, ಗೋಲು ಹೊಡೆಯುವುದೇ ಕೆಲಸ. ಆ ಕ್ಲಬ್ಬು ಅವನನ್ನು ವೃತ್ತಿಪರ ಆಟಗಾರನಾಗಿ ಕರಾರಿಗೆ ತೆಗೆದುಕೊಂಡ ದಿನ ಆಂಟಿ ಕೇಸರಿಬಾತ್ ತಂದು ಕೊಟ್ಟರು. ನಮ್ಮಜ್ಜಿ ಬಟ್ಟಲು ಇಸಿದುಕೊಂಡು, "ಚೆಂಡು ಒದಿಯಾಕೂ ಸಂಬ್ಳ ಕೊಡ್ತಾರಾ? ನಮ್ ಕಾಲ್ದಲ್ಲಿ ಒದ್ರೆ ತಿರುಗಿ ಒದೆ ಬೀಳ್ತಿತ್ತು ಕಣಪ್ಪ" ಎಂದಿತ್ತು. ಅಣ್ಣ ಬಾಗಿಲಿಗೆ ಒರಗಿ ನಗುತ್ತಾ, "ಅದೂ ಬೀಳುತ್ತೆ ಅಜ್ಜಿ, ನೋಡಿ ಬೇಕಾದ್ರೆ" ಎಂದು ಪ್ಯಾಂಟಿನ ಅಂಚೆತ್ತಿ ಮೊಣಕಾಲಿನ ಕೆಳಗಿನ ಗಾಯಗಳನ್ನು ತೋರಿಸಿದ್ದ.

ಇಂಗ್ಲೆಂಡಿನ ಒಬ್ಬ ಹುಡುಗನ ಮೇಲೆ ಅವನಿಗೆ ವಿಚಿತ್ರ ಮಮತೆಯಿತ್ತು. ಇಬ್ಬರೂ ಹುಟ್ಟಿದ ವರ್ಷ ಒಂದೇ, ಮೈದಾನದಲ್ಲಿ ಆಡುವ ಜಾಗವೂ ಒಂದೇ. ಆ ಹುಡುಗ ಚಿಕ್ಕಂದಿನಲ್ಲೇ ಅಲ್ಲಿನ ದೊಡ್ಡ ಕ್ಲಬ್ಬೊಂದಕ್ಕೆ ಸೇರಿದ್ದ, ಕಿರಿಯರ ತಂಡದಲ್ಲಿ ಗೋಲುಗಳ ಮಳೆ ಸುರಿಸಿದ್ದ, ಹಿರಿಯರ ತಂಡಕ್ಕೆ ಹೋದಮೇಲೆ ಆಡಲು ಸಿಗದೆ ಬೆಂಚಿನ ಮೇಲೆ ಕೂತಿದ್ದ. ಆಗ ಕ್ಲಬ್ಬಿನವರು ಅವನನ್ನು ಒಂದು ಸೀಸನ್ ಮಟ್ಟಿಗೆ ಕೆಳಗಿನ ಡಿವಿಜನ್ನಿನ ಸಣ್ಣ ತಂಡವೊಂದಕ್ಕೆ ಲೋನ್ ಮೇಲೆ, ಅಂದರೆ ಅಲ್ಲಿ ಆಡಿ ವಾಪಸ್ ಬರಲಿ ಎಂದು, ಕಳಿಸಿದ್ದರು. ಮೊದಮೊದಲು ಒಂದೂ ಗೋಲಿಲ್ಲ. ಆ ಆಟಗಳು ಟಿವಿಯಲ್ಲಿ ಬರುತ್ತಿರಲಿಲ್ಲ. ಶನಿವಾರ ಸಂಜೆ ಅಣ್ಣ ಮೆಟ್ಟಿಲ ಮೇಲೆ ಕೂತು, ಫೋನಿನಲ್ಲಿ ಬರೀ ಅಂಕೆಗಳು ಬದಲಾಗುವುದನ್ನೇ ನೋಡುತ್ತಿದ್ದ. ಒಂದು ಶನಿವಾರ ನಮ್ಮ ಬಾಗಿಲು ಬಡಿದು, "ನಮ್ ಹುಡುಗ ಹಾಕ್ಬಿಟ್ಟ ಕಣೇ!" ಎಂದು ಕೂಗಿದ. ಹುಡುಗ ಎಂಬುದಷ್ಟೇ ಕಿವಿಗೆ ಬಿದ್ದು, ಯಾರೋ ನೆಂಟರ ಮನೆಯಲ್ಲಿ ಗಂಡುಮಗು ಹುಟ್ಟಿತೇನೋ ಎಂದುಕೊಂಡು ಅಮ್ಮ ಹೊರಗೆ ಓಡಿಬಂದಿದ್ದರು. ಆಮೇಲೆ ಆ ಹುಡುಗ ಸಾಲಾಗಿ ಗೋಲು ಹೊಡೆದು ತನ್ನ ಕ್ಲಬ್ಬಿಗೆ ವಾಪಸಾದ.

ನಾನು ಆ ಹೊತ್ತಿಗೆ ಪಿಯುಸಿಗೆ ಬಂದು ಚರ್ಚಾಸ್ಪರ್ಧೆಯ ಹುಚ್ಚು ಹತ್ತಿಸಿಕೊಂಡಿದ್ದೆ. ಸ್ಪರ್ಧೆಗಳಲ್ಲಿ ನಮ್ಮ ಪಕ್ಷವನ್ನು ನಾವು ಆರಿಸುವ ಹಾಗಿಲ್ಲ. ವಿಷಯ ಕೊಡುತ್ತಾರೆ, ನಾಣ್ಯ ಚಿಮ್ಮುತ್ತಾರೆ. ಪರವೋ ವಿರೋಧವೋ, ಬಿದ್ದದ್ದನ್ನು ಹತ್ತು ನಿಮಿಷದಲ್ಲಿ ನಮ್ಮದು ಮಾಡಿಕೊಂಡು, ಹುಟ್ಟಿದಾಗಿನಿಂದ ಅದನ್ನೇ ನಂಬಿದ್ದೇವೆ ಎಂಬಂತೆ ಮಾತಾಡಬೇಕು. ನಮಗೆ ಕಲಿಸುತ್ತಿದ್ದ ಮೇಡಂ ಮನೆಯಲ್ಲೂ ಹೀಗೇ ಅಭ್ಯಾಸ ಮಾಡಿ ಎಂದಿದ್ದರು. ನಾನು ಮುದ್ದೆಯೋ ಚಪಾತಿಯೋ ಎಂಬುದಕ್ಕೂ ನಾಣ್ಯ ಹಾಕಿ ಅಮ್ಮನ ತಲೆ ತಿನ್ನುತ್ತಿದ್ದೆ. ಅಣ್ಣ ನನಗೆ ಲಾಯರಮ್ಮ ಎಂದು ಹೆಸರಿಟ್ಟಿದ್ದ.

ಆ ಭಾನುವಾರ ಮಧ್ಯಾಹ್ನ ತಾರಸಿಯಲ್ಲಿ ಅವನು ಬೂಟುಗಳನ್ನು ಬಿಸಿಲಿಗೆ ಇಡುತ್ತಿದ್ದ. ನಾನು ಬಟ್ಟೆ ತೆಗೆಯಲು ಹೋಗಿದ್ದೆ. ಕ್ಲಬ್ಬಿನವರು ಅವನನ್ನೂ ಲೋನ್ ಮೇಲೆ ಕಳಿಸುವ ಮಾತಾಡಿದ್ದರಂತೆ. ಈಶಾನ್ಯದ ಕಡೆ ಒಂದು ಗುಡ್ಡದ ಊರು, ಎರಡನೇ ದರ್ಜೆಯ ತಂಡ, ಒಂದು ಸೀಸನ್. ಹೋಗುವುದೂ ಬಿಡುವುದೂ ಅವನ ಇಷ್ಟ.

"ನಾಳೆ ಬೆಳಗ್ಗೆ ಕೋಚ್‌ಗೆ ಹೇಳ್ಬೇಕು. ನೀನೇ ಹೇಳು ಲಾಯರಮ್ಮ, ಹೋಗ್ಲಾ ಬೇಡ್ವಾ?"

"ಹತ್ತು ನಿಮಿಷ ಕೊಡು" ಎಂದೆ.

ಕೆಳಗೆ ಅಡುಗೆಮನೆಯಲ್ಲಿ ಅಜ್ಜಿ ಸೊಪ್ಪು ಬಿಡಿಸುತ್ತಾ ಕೂತಿತ್ತು. ನೀರು ಕುಡಿಯುತ್ತಾ ವಿಷಯ ಹೇಳಿದೆ. ಅಜ್ಜಿಗೆ ಒಂದೇ ಏಟಿಗೆ ಅರ್ಥವಾಯಿತು. "ಓ, ಎತ್ನ ಎರವಲು ಕೊಟ್ಟಂಗೆ. ಎರವಲು ಓದ ಎತ್ತು ಬಡವಾಗಿ ಬತ್ತದೆ ಕಣವ್ವ. ಆದ್ರೆ ನೇಗಿಲು ಎಳಿಯಾಕೆ ಕಲ್ತು ಬತ್ತದೆ. ಕೊಟ್ಟಿಗೇಲಿ ಕಟ್ಟಾಕಿದ್ರೆ ಮೈ ಬೆಳೀತದೆ ಅಷ್ಟೇಯ."

ಅಡುಗೆ ಕಟ್ಟೆಯ ಮೇಲೆ ನಾಣ್ಯ ಚಿಮ್ಮಿದೆ. ಸಿಂಹ ಬಿದ್ದರೆ ಹೋಗು, ಅಂಕೆ ಬಿದ್ದರೆ ಹೋಗಬೇಡ. ಅಂಕೆ ಬಿತ್ತು.

ಇಲ್ಲಿ ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನಾಣ್ಯ ಹಾಕದೆ ಉತ್ತರ ಹೇಳಿದ್ದರೆ ನಾನು ಹೋಗು ಎನ್ನುತ್ತಿದ್ದೆ. ಆಟಗಾರನಿಗೆ ಆಟ ಬೇಕು ಎಂದು ತಿಳಿಯಲು ಚರ್ಚಾಪಟುವೇ ಆಗಬೇಕಿಲ್ಲ. ಅವನು ಕೇಳಿದ್ದು ನನ್ನ ಅಭಿಪ್ರಾಯವನ್ನು. ನಾನು ಮೆಟ್ಟಿಲು ಹತ್ತಿದ್ದು ಮುಂದಿನ ವಾರದ ಸ್ಪರ್ಧೆಗೆ ತಾಲೀಮು ಸಿಕ್ಕಿತೆಂಬ ಹುರುಪಿನಲ್ಲಿ.

ವಾದ ಚೆನ್ನಾಗಿತ್ತು. ಅದೇ ಈಗ ನನಗೆ ಹೇಸಿಗೆ. ಅವನು ನಿರೀಕ್ಷೆಯಂತೆ ಇಂಗ್ಲೆಂಡಿನ ಹುಡುಗನನ್ನು ಮುಂದಿಟ್ಟ.

"ಅವ್ನೂ ಹೋಗಿದ್ದ ಕಣೇ. ಹೋಗಿ ಬಂದಮೇಲೆ ನೋಡು ಈಗ."

"ವಾಪಸ್ ಬಂದೋನ ಕತೆ ಮಾತ್ರ ನಿನ್ನ ಫೋನಿಗೆ ಬರುತ್ತೆ ಅಣ್ಣ. ಹೋಗಿ ಅಲ್ಲೇ ಕಳೆದುಹೋದೋರದ್ದು ಯಾರು ಬರೀತಾರೆ? ಅಲ್ಲಿ ಆದ್ರೆ ಸಣ್ಣ ತಂಡದ ಆಟವನ್ನೂ ಕೂತು ನೋಡೋಕೆ ಕ್ಲಬ್‌ನವರು ಜನ ಕಳಿಸ್ತಾರೆ. ಇಲ್ಲಿಂದ ಆ ಗುಡ್ಡಕ್ಕೆ ಯಾರು ಬರ್ತಾರೆ ನಿನ್ನ ನೋಡೋಕೆ?"

"ಆಡೋಕಾದ್ರೂ ಸಿಗುತ್ತಲ್ಲ. ಇಲ್ಲಿ ಬೆಂಚ್ ಮೇಲೆ ಕೂತು ಕೂತು ಚಡ್ಡಿ ಸವೀತಿದೆ."

"ಬೆಂಚಾದ್ರೂ ಕೋಚ್ ಕಣ್ಣೆದುರಿಗಿದೆ."

ಅವನು ಒರೆಸಿದ ಬೂಟನ್ನೇ ಮತ್ತೆ ಒರೆಸತೊಡಗಿದ. ಎದುರಾಳಿ ತಡವರಿಸಿದಾಗ ಬಿಡಬಾರದು ಎಂದು ನಮಗೆ ಕಲಿಸಿದ್ದರು. ನಾನು ಅಜ್ಜಿಯ ಮಾತನ್ನು ಎಳೆತಂದೆ. "ನಮ್ಮಜ್ಜಿನೇ ಹೇಳ್ತು, ಎರವಲು ಹೋದ ಎತ್ತು ಬಡವಾಗಿ ಬರುತ್ತೆ ಅಂತ." ಅಷ್ಟಕ್ಕೇ ನಿಲ್ಲಿಸಿದೆ. ಉಳಿದ ಅರ್ಧ ಮಾತು ನನ್ನ ಪಕ್ಷಕ್ಕೆ ಬೇಕಿರಲಿಲ್ಲ.

ಅಣ್ಣ ಬೂಟನ್ನು ಮಗುಚಿ ಇಟ್ಟು, ಕೈ ಮುಗಿದು, "ಆಯ್ತು ತಾಯಿ, ಸೋತೆ. ನಿನ್ನ ಕಟ್ಟಿಕೊಳ್ಳೋನಿಗೆ ದೇವ್ರೇ ಗತಿ" ಎಂದು ನಕ್ಕ. ಮರುದಿನ ಕೋಚ್‌ಗೆ ಹೋಗುವುದಿಲ್ಲ ಎಂದು ಹೇಳಿದ. ನಾನು ಕಾಲೇಜಿನಲ್ಲಿ ಗೆಳತಿಗೆ ಈ ವಾದವನ್ನು ಅಭಿನಯಿಸಿ ತೋರಿಸಿದೆ. ಅವಳು ಚಪ್ಪಾಳೆ ತಟ್ಟಿದಳು.

ಅವನ ಬದಲು ಅದೇ ತಂಡದ ಇನ್ನೊಬ್ಬ ಆ ಗುಡ್ಡದ ಊರಿಗೆ ಹೋದ. ಅಂಥ ದೊಡ್ಡ ಹೆಸರೇನೂ ಮಾಡಲಿಲ್ಲ, ಆದರೆ ಪ್ರತಿ ಆಟವನ್ನೂ ಆಡಿದ. ಇವತ್ತಿಗೂ ಎಲ್ಲೋ ಆಡುತ್ತಿದ್ದಾನೆ. ಅಣ್ಣ ಇಲ್ಲೇ ಇದ್ದ. ಬೆಳಗಿನ ಬಸ್ಸು, ಅಭ್ಯಾಸ, ಬೆಂಚು. ಇಡೀ ಸೀಸನ್ನಿನಲ್ಲಿ ಎರಡು ಸಲ ಆಟ ಮುಗಿಯುವ ಹೊತ್ತಿಗೆ ಒಳಗಿಳಿಸಿದರು. ಒಂದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಚೆಂಡು ಅವನ ಕಾಲಿಗೆ ಒಂದೇ ಬಾರಿ ಬಂತು... ಆಂಟಿ ಅಷ್ಟಕ್ಕೇ ಎದ್ದು ನಿಂತಿದ್ದರು.

ಸೀಸನ್ ಮುಗಿದಾಗ ಕರಾರು ಮುಂದುವರಿಸುವುದಿಲ್ಲ ಎಂಬ ಪತ್ರ ಬಂತು. ಮಂಡಿ ಆಗ ಗಟ್ಟಿಮುಟ್ಟಾಗಿತ್ತು. ಪೆಟ್ಟಾದದ್ದು ಅದಾಗಿ ಒಂದು ತಿಂಗಳಿಗೆ. ಆಟದ ರೂಢಿ ತಪ್ಪದಿರಲೆಂದು ದೊಡ್ಡನೆಕ್ಕುಂದಿಯಲ್ಲಿ ಯಾವುದೋ ಕಂಪನಿಗಳ ಟೂರ್ನಿಯಲ್ಲಿ ಆಡಲು ಹೋಗಿ ಕಾಲು ತಿರುಚಿಕೊಂಡ. ಮೂರು ತಿಂಗಳಿಗೆ ಡಾಕ್ಟರು ಓಡಬಹುದು ಎಂದರು, ಓಡಿದ. ಬೇರೆ ಕ್ಲಬ್ಬುಗಳ ಆಯ್ಕೆಗೆ ಹೋದಾಗ ಮಂಡಿಯ ಬಗ್ಗೆ ಕೇಳಿದವರು ಕಡಿಮೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಹೋದ ಸೀಸನ್ ಎಷ್ಟು ನಿಮಿಷ ಆಡಿದ್ದೀಯ? ಅವನ ಬಳಿ ಇಪ್ಪತ್ತು ನಿಮಿಷವೂ ಇರಲಿಲ್ಲ.

ಬೀದಿಗೆ ಮಂಡಿಯ ಕತೆ ಹೇಳಿದವಳು ನಾನು. ಅವನು ಕುಂಟುತ್ತಿದ್ದ ದಿನಗಳಲ್ಲಿ ಬೇಕರಿಯವರು, "ಏನಮ್ಮ, ನಿಮ್ಮ ಮಹಡಿ ಹೀರೋ ಯಾಕೆ ಮನೇಲೇ ಇದಾನೆ?" ಎಂದು ಕೇಳಿದರು. "ಮಂಡಿ ಹೋಗಿದೆ ಅಂಕಲ್" ಎಂದೆ. ಪತ್ರದ ವಿಷಯ ಹೇಳಲಿಲ್ಲ. ಅವನ ಮಾನ ಕಾಪಾಡಿದೆ ಎಂದುಕೊಂಡಿದ್ದೆ. ಯಾರ ಮಾನವೋ...

ನನ್ನ ಪರವಾಗಿ ನಾನೇ ವಾದಿಸಿಯೂ ನೋಡಿದ್ದೇನೆ. ಹೋಗಿದ್ದರೆ ಅಲ್ಲೇ ಮಂಡಿ ಹೋಗುತ್ತಿರಲಿಲ್ಲವೆಂದು ಯಾರು ಹೇಳಿಯಾರು? ಒಂದಾದ ಮೇಲೆ ಇನ್ನೊಂದು ಆಯಿತೆಂದ ಮಾತ್ರಕ್ಕೆ ಮೊದಲನೆಯದೇ ಕಾರಣವಾಗುವುದಿಲ್ಲ. ತೀರ್ಮಾನ ತೆಗೆದುಕೊಂಡವನು ವಯಸ್ಸಿಗೆ ಬಂದ ಗಂಡಸು. ಎಲ್ಲ ಸರಿಯಾದ ವಾದಗಳೇ. ಆದರೆ ಅಜ್ಜಿಯ ಮಾತನ್ನು ಅರ್ಧಕ್ಕೆ ಕತ್ತರಿಸಿದ್ದಕ್ಕೆ ನನ್ನ ಬಳಿ ಯಾವ ವಾದವೂ ಇಲ್ಲ. ಮರುವರ್ಷ ತಾಯಿ, ಮಗ ಮನೆ ಖಾಲಿ ಮಾಡಿ ಹೋದರು. ಟೆಂಪೋಗೆ ಹೊಲಿಗೆ ಯಂತ್ರ ಹತ್ತಿಸುವಾಗ ನಾನು ಒಂದು ಕೈ ಹಿಡಿದೆ. ಆಗಲಾದರೂ ಹೇಳಬಹುದಿತ್ತು.

ಹೋದ ತಿಂಗಳು ಆ ವಾಸನೆ ಬಂದ ದಿನ ಮೆಟ್ರೋ ಇಳಿದವಳೇ ಅವನ ಹಳೆಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ. ಈಗ ದೊಡ್ಡನೆಕ್ಕುಂದಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಾನೆ. ಭಾನುವಾರ ಬೆಳಗ್ಗೆ ಹೋದೆ. ಸ್ವಲ್ಪ ದಪ್ಪಗಾಗಿದ್ದಾನೆ, ಕೊರಳಲ್ಲಿ ಸೀಟಿ. ಮಕ್ಕಳು ಹೋದಮೇಲೆ, ಅವನು ಹುಲ್ಲಿನ ಮೇಲಿದ್ದ ಪ್ಲಾಸ್ಟಿಕ್ ಕೋನುಗಳನ್ನು ಒಂದರೊಳಗೊಂದು ಸೇರಿಸುತ್ತಿರುವಾಗ, ಜೊತೆಗೆ ನಡೆಯುತ್ತಾ ಎಲ್ಲ ಹೇಳಿದೆ. ನಾಣ್ಯವನ್ನೂ, ಅಜ್ಜಿಯ ಮಾತಿನ ಉಳಿದ ಅರ್ಧವನ್ನೂ.

ಅವನು ತಲೆಯೆತ್ತಲಿಲ್ಲ. "ಅಜ್ಜಿ ಹೆಂಗಿದಾರೆ?" ಎಂದ.

"ಹೋಗ್ಬಿಡ್ತು ಅಣ್ಣ. ಎರಡು ವರ್ಷ ಆಯ್ತು."

"ಅಯ್ಯೋ... ಒಂದು ಮಾತು ಹೇಳೋದಲ್ವೇನೇ, ಬರ್ತಿದ್ದೆ." ಆಮೇಲೆ ಕೋನುಗಳನ್ನು ಕಂಕುಳಿಗೇರಿಸಿಕೊಂಡು, "ತಲೆ ಕೆಡಿಸ್ಕೋಬೇಡ ಬಿಡು. ಅಮ್ಮ ಒಬ್ರೇ ಆಗ್ಬಿಡ್ತಿದ್ರು, ನಂಗೂ ಹೋಗೋಕೆ ಮನಸ್ಸಿರ್ಲಿಲ್ಲ" ಎಂದ.

ಅದು ನಿಜವೇ ಆಗಿದ್ದರೆ ನಾನು ಬಿಡುಗಡೆಯಾದೆ. ಆದರೆ ಮನಸ್ಸಿಲ್ಲದವನು ಅವತ್ತು ಅಷ್ಟು ಹೊತ್ತು ಹೋಗುವ ಪರವಾಗಿ ಯಾಕೆ ಮಾತಾಡಿದ? ನನ್ನನ್ನು ಸಮಾಧಾನ ಮಾಡಲು ಈಗ ಹುಟ್ಟಿದ ಮಾತೇ ಅದು? ಗೇಟಿನ ತನಕ ಅವನ ಹಿಂದೆಯೇ ಹೋಗಿ ಕೇಳಿದೆ. ವಾಚ್‌ಮನ್ ಜೊತೆ ಏನೋ ಮಾತು ತೆಗೆದು, ನನಗೆ ಕೈ ಬೀಸಿ, ಒಳಗೆ ಹೋದ. ಇದನ್ನು ಅವನು ಓದಿದರೆ ಓದಲಿ. ಮತ್ತೆ ಅದನ್ನೇ ಕೇಳುತ್ತಿದ್ದೇನೆ.

ಅಣ್ಣ, ನಾನು ಅವತ್ತು ಹೋಗು ಅಂದಿದ್ರೆ, ನೀನು ಹೋಗ್ತಿದ್ಯಾ?