ಎರಡನೇ ಚರಣದ ಟಕ್

ಹಾಡು ಕಟ್ಟುವವರ ನಡುವೆ ಅವಳಿಗೆ ಇರುವ ಹೆಸರು ಒಂದೇ, ಅತ್ತಿಗೆ. ಅವಳಿಗಿಂತ ಹದಿನೈದು ವರ್ಷ ದೊಡ್ಡವನಾದ ಡ್ರಮ್ಸ್ ಬಾರಿಸುವವನೂ ಹಾಗೆಯೇ ಕರೆಯುತ್ತಾನೆ. ಎಲ್ಲೋ ದೂರದಲ್ಲಿ ಕುಳಿತು ಹಾಡುಗಳ ಪ್ಲೇಲಿಸ್ಟ್ ಮಾಡುವ ಒಬ್ಬಾತ ಅದು ಅವಳ ನಿಜವಾದ ಹೆಸರೆಂದೇ ತಿಳಿದು, ಪ್ರತಿ ಪತ್ರವನ್ನೂ ‘ಪ್ರಿಯ ಅತ್ತಿಗೆಯವರೇ’ ಎಂದು ಆರಂಭಿಸುತ್ತಾನೆ. ಅವಳು ತಿದ್ದುವ ಗೋಜಿಗೆ ಹೋಗಿಲ್ಲ. ನಿಜವಾದ ಮೈದುನ ಇರುವುದು ಒಬ್ಬನೇ, ಲಿಫ್ಟ್ ರಿಪೇರಿ ಮಾಡುವವನು. ಇದೆಲ್ಲ ಅವಳ ಕೊರಳಿಗೆ ಬಿದ್ದದ್ದು ಅವನಿಂದ.

ಹೊಟ್ಟೆಪಾಡಿನ ಕೆಲಸ ಬೇರೆಯೇ. ಕಿವಿ, ಮೂಗು, ಗಂಟಲಿನ ಕ್ಲಿನಿಕ್ಕೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಅವಳು ಜನರ ಕಿವಿ ಪರೀಕ್ಷೆ ಮಾಡುತ್ತಿದ್ದಾಳೆ. ಕಾರಿಡಾರಿನ ಕೊನೆಯಲ್ಲಿ ದೊಡ್ಡ ಬೀರುವಿನಷ್ಟೇ ಇರುವ ಒಂದು ಕೋಣೆ. ಗೋಡೆಗೆ ಬೂದು ಬಣ್ಣದ ಸ್ಪಂಜು, ಎರಡು ಪದರದ ಗಾಜಿನ ಕಿಟಕಿ, ಒಂದು ಸ್ಟೂಲು, ತಂತಿಯ ತುದಿಗೆ ಒಂದು ಗುಂಡಿ. ಬಂದವರ ತಲೆಗೆ ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚುವ ಮೊದಲು ಅವಳು ಹೇಳುವುದು ಇಷ್ಟೇ: “ಶಬ್ದ ಕೇಳಿಸಿದ್ರೆ ಗುಂಡಿ ಒತ್ತಿ. ಕೇಳಿಸದಿದ್ರೆ ಸುಮ್ನಿರಿ.”

ಸುಮ್ಮನಿರುವವರು ಕಡಿಮೆ. ಸೊಸೆ ಬಲವಂತದಿಂದ ಕರೆತಂದ ಮಾವ, ಕೆಲಸಕ್ಕೆ ಸರ್ಟಿಫಿಕೇಟ್ ಬೇಕಾದ ಡ್ರೈವರ್, ‘ನನ್ನ ಕಿವಿಗೇನು ಧಾಡಿ’ ಎಂದು ಜಗಳಕ್ಕೇ ನಿಂತ ನಿವೃತ್ತ ಮೇಷ್ಟ್ರು, ಎಲ್ಲರೂ ಶಬ್ದವಿಲ್ಲದಾಗಲೂ ಒತ್ತುತ್ತಾರೆ. ಅವರೇನೂ ಸುಳ್ಳುಗಾರರಲ್ಲ. ಪರೀಕ್ಷೆ ಎಂದ ಮೇಲೆ ಪಾಸಾಗಬೇಕೆಂಬ ಆಸೆ. ಹಾಗಾಗಿ ಅವಳು ನಡುನಡುವೆ ಯಾವ ಶಬ್ದವನ್ನೂ ಕೊಡದೆ ಸುಮ್ಮನೆ ಕುಳಿತು ನೋಡುತ್ತಾಳೆ. ಕೇಳಿ ಒತ್ತಿದ ಬೆರಳು ಯಾವುದು, ಆಸೆಯಿಂದ ಒತ್ತಿದ ಬೆರಳು ಯಾವುದು ಎಂದು ಗಾಜಿನ ಈಚೆಯಿಂದಲೇ ಹೇಳಬಲ್ಲಳು.

ಆರು ವರ್ಷದ ಹಿಂದೆ ಮೈದುನ ಕ್ಲಿನಿಕ್ಕಿಗೇ ಬಂದು ರಾಗ ಎಳೆದಿದ್ದ.

“ಅತ್ತಿಗೆ, ನಿಮ್ಮ ಡಬ್ಬಾ ಭಾನುವಾರ ಖಾಲಿ ಇರುತ್ತಲ್ಲ?”

“ಅದು ಡಬ್ಬಾ ಅಲ್ಲ, ಪರೀಕ್ಷೆ ಕೋಣೆ. ಯಾಕೆ?”

“ಒಂದು ಹಾಡು ರೆಕಾರ್ಡ್ ಮಾಡ್ಬೇಕಿತ್ತು. ಮನೇಲಿ ಹಾಡೋಕೆ ಕೂತ್ರೆ ಕುಕ್ಕರ್ರೂ ಜೊತೆಗೆ ಹಾಡುತ್ತೆ.”

ಗ್ರೀಸ್ ಕೈಯಲ್ಲಿ ಸ್ಪಂಜು ಮುಟ್ಟಬಾರದೆಂಬ ಷರತ್ತಿನ ಮೇಲೆ ಡಾಕ್ಟರು ಒಪ್ಪಿದರು. ಲಿಫ್ಟಿನ ಬಾವಿಗಿಳಿದು ಕೆಲಸ ಮಾಡುತ್ತಾ ಹಾಡು ಕಟ್ಟುವ ಅಭ್ಯಾಸ ಅವನಿಗಿತ್ತು, ದನಿಯೂ ಚೆನ್ನಾಗಿತ್ತು. ಹಾಡನ್ನು ಇಂಟರ್ನೆಟ್ಟಿಗೆ ಹಾಕಿದ. ತಿಂಗಳ ಕೊನೆಗೆ ಹನ್ನೊಂದು ಸಲ ಕೇಳಲ್ಪಟ್ಟಿತ್ತು. ಒಂಬತ್ತು ಸಲ ಅವನೇ ಕೇಳಿದ್ದು, ಒಂದು ಸಲ ಅವನ ಹೆಂಡತಿ. ಹನ್ನೊಂದನೆಯ ಸಲ ಕೇಳಿದವಳು ಅತ್ತಿಗೆ. ಒಳ್ಳೆಯ ಕೆಲಸ ವ್ಯರ್ಥವಾಗುವುದನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಹಾಡನ್ನು ಕೇಳುಗರ ಹತ್ತಿರ ಒಯ್ಯುವುದು ಹೇಗೆಂದು ತಾನೇ ಕಲಿಯಲು ಕುಳಿತಳು.

ಕಲಿತದ್ದು ಇಷ್ಟು. ಯಾರ ಬೆಂಬಲವೂ ಇಲ್ಲದ ಹಾಡು ಜನರಿಗೆ ಸಿಗುವುದು ಪ್ಲೇಲಿಸ್ಟ್‌ಗಳ ಮೂಲಕ. ಪ್ಲೇಲಿಸ್ಟ್ ಮಾಡುವವರಿಗೆ ಪತ್ರ ಬರೆದು ಕೇಳಬೇಕು. ಉಳಿದವರು ಒಂದೇ ಪತ್ರವನ್ನು ಇನ್ನೂರು ಜನಕ್ಕೆ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಅವಳು ಮೊದಲು ಅವರ ಪಟ್ಟಿಯನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಕೇಳುತ್ತಾಳೆ, ಆಮೇಲೆ ಐದೇ ಸಾಲು ಬರೆಯುತ್ತಾಳೆ. ‘ನಿಮ್ಮ ಹದಿನಾಲ್ಕನೆಯ ಹಾಡಿನ ನಂತರ ಇದು ಕೂರುತ್ತದೆ. ಹನ್ನೊಂದರ ಪಕ್ಕದಲ್ಲಿ ಇಟ್ಟರೆ ಎರಡೂ ಕೆಡುತ್ತವೆ.’ ಹತ್ತು ಪತ್ರಕ್ಕೆ ನಾಲ್ಕು ಉತ್ತರ ಬರತೊಡಗಿದವು. ಆ ಕೆಲಸದಲ್ಲಿ ಹತ್ತಕ್ಕೆ ಒಂದು ಬಂದರೂ ಜನ ಬೀಗುತ್ತಾರೆ. ಸುದ್ದಿ ಹರಡಿ ಒಂಬತ್ತು ಜನ ಹಾಡುಗಾರರು ಅವಳ ಬೆನ್ನು ಬಿದ್ದರು. ಹಾಡು ಇಷ್ಟವಾಗದಿದ್ದರೆ ಮುಖಕ್ಕೆ ಹೇಳಿ ಕಳಿಸುತ್ತಾಳೆ; ಆದರೂ ಬರುತ್ತಾರೆ.

ಹೋದ ವರ್ಷ ಮೈದುನ ಒಂದು ಹೊಸ ಹಾಡು ಕಟ್ಟಿದ. ಲಿಫ್ಟ್ ಕೆಟ್ಟು, ಏಳು ಮಹಡಿ ಹತ್ತಿ ಹೋಗುವ ಒಬ್ಬ ಹೆಂಗಸು ಪ್ರತಿ ಮಹಡಿಯಲ್ಲೂ ಒಂದೊಂದು ವಿಷಯ ನೆನೆಯುವ ಹಾಡು. ಅವನ ಹಾಡುಗಳಲ್ಲೆಲ್ಲ ಅದೇ ಗಟ್ಟಿ. ರೆಕಾರ್ಡ್ ಮಾಡುವಾಗ, ಎರಡನೇ ಚರಣದ ನಡುವೆ, ಅವನ ಮೊಣಕಾಲು ನೇತಾಡುತ್ತಿದ್ದ ಗುಂಡಿಗೆ ತಾಗಿ ‘ಟಕ್’ ಎಂದಿತು.

“ಇನ್ನೊಂದ್ಸಲ ಹಾಡು,” ಎಂದಳು.

“ಬಿಡಿ ಅತ್ತಿಗೆ, ಯಾರ ಕಿವಿಗೆ ಬೀಳುತ್ತೆ ಅದು?”

“ನನ್ನ ಕಿವಿಗೆ ಬಿತ್ತಲ್ಲ.”

“ನಿಮ್ಮದು ಕಿವಿಯಲ್ಲ, ಮೆಷಿನ್ನು.”

ಮತ್ತೆ ಮೂರು ಸಲ ಹಾಡಿಸಿದಳು. ಮೊದಲಿನ ದನಿ ಬರಲಿಲ್ಲ. ಟಕ್ ಅಲ್ಲೇ ಉಳಿಯಿತು.

ಆ ತಿಂಗಳು ಊರಿಗೆಲ್ಲ ನೆಗಡಿ. ಕ್ಲಿನಿಕ್ಕಿನ ಬಾಗಿಲಾಚೆಯವರೆಗೂ ಜನ. ಇದೊಂದು ಪತ್ರ ಇವತ್ತೇ ಹೋಗಲಿ ಎಂದುಕೊಂಡು, ಜೀವಮಾನದಲ್ಲಿ ಮೊದಲ ಸಲ ಅವಳು ತನ್ನ ಕ್ರಮ ಮುರಿದಳು. ಲಕ್ಷ ಜನ ಹಿಂಬಾಲಿಸುವ ‘ನಿಧಾನ’ ಎಂಬ ಪಟ್ಟಿಯೊಂದಿತ್ತು. ಮೊದಲ ಹನ್ನೆರಡು ಹಾಡು ಮಾತ್ರ ಕೇಳಿ, ಪತ್ರ ಬರೆದು ಕಳಿಸಿದಳು. ಗಂಟೆಯೊಳಗೆ ಒಪ್ಪಿಗೆ ಬಂತು. ಅಷ್ಟು ಬೇಗ ಒಪ್ಪಿದ್ದೇ ಅವಳನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ.

ನಲವತ್ತು ದಿನದಲ್ಲಿ ಹಾಡು ಎರಡು ಲಕ್ಷ ಹನ್ನೆರಡು ಸಾವಿರ ಸಲ ಓಡಿತು. ಮೈದುನನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓರಗಿತ್ತಿ ಅಡುಗೆಮನೆಯಿಂದಲೇ ಚುಚ್ಚಿದಳು: “ಈಗ ಕಸದ ಬುಟ್ಟಿ ಹೊರಗಿಡೋ ಅಂದ್ರೆ ಎರಡು ಲಕ್ಷ ಜನರ ಅಪ್ಪಣೆ ಬೇಕಂತೆ ಅಕ್ಕ.” ಆದರೆ ಅವಳ ಮುಖದಲ್ಲೂ ನಗುವಿತ್ತು.

ಒಂದು ಶನಿವಾರ ಸಂಜೆ ಅವನು ಒಂದು ಹಾಳೆ ತಂದು ಅತ್ತಿಗೆಯ ಮುಂದಿಟ್ಟ. ಹದಿನಾಲ್ಕು ವರ್ಷದ ಕೆಲಸಕ್ಕೆ ರಾಜೀನಾಮೆ. ತಾರೀಕಿನ ಜಾಗ ಖಾಲಿಯಿತ್ತು.

“ಸೋಮವಾರ ಕೊಡ್ತೀನಿ. ಭಾಷೆ ಒಂಚೂರು ನೋಡಿ. ಇನ್ಮೇಲೆ ಹಾಡೇ ನನ್ನ ಕೆಲಸ.”

“ಇಲ್ಲೇ ಬಿಟ್ಟು ಹೋಗು. ನಾಳೆ ಕೊಡ್ತೀನಿ.”

ಭಾಷೆ ಸರಿಯಾಗಿಯೇ ಇತ್ತು. ಮೈದುನ ಹೋದ ಮೇಲೂ ಅವಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಮುಳ್ಳಿನಂತೆ ಉಳಿಯಿತು. ಎರಡು ಲಕ್ಷ ಸಲ ಓಡಿದ ಹಾಡಿನ ಬಗ್ಗೆ ಒಬ್ಬನೂ ಒಂದಕ್ಷರ ಬರೆದಿಲ್ಲವಲ್ಲ?

ಭಾನುವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ಬೀನ್ಸ್ ಸೋಸುತ್ತಾ, ಹಾಡಿನ ಲೆಕ್ಕ ತೆರೆದು ನೋಡಿದಳು. ಮತ್ತೆ ಕೇಳಬೇಕೆಂದು ಹಾಡನ್ನು ಉಳಿಸಿಕೊಂಡವರು ಹತ್ತೊಂಬತ್ತು ಮಂದಿ. ಹಾಡಿದವನು ಯಾರೆಂದು ಹುಡುಕಿದವರು ಇಬ್ಬರು. ‘ನಿಧಾನ’ ಪಟ್ಟಿಯನ್ನು ಹದಿಮೂರನೆಯ ಹಾಡಿನಿಂದ ಹಾಕಿದಳು. ಇಪ್ಪತ್ತರ ಹೊತ್ತಿಗೆ ಹಾಡುಗಳಲ್ಲಿ ಮಾತು ಕರಗಿತು. ಮೂವತ್ತರ ನಂತರ ಬರೀ ಮಳೆ. ಐವತ್ತರಲ್ಲಿ ಟ್ರೈನು. ಏಳು ಮಹಡಿಯ ಹಾಡು ಅರವತ್ತನಾಲ್ಕನೆಯದು. ಅದರ ಹಿಂದೆ ಸೀಲಿಂಗ್ ಫ್ಯಾನಿನ ಸದ್ದು, ಮುಂದೆ ಸಮುದ್ರ. ಪಟ್ಟಿಯ ವಿವರಣೆಯ ಕೊನೆಯ ಸಾಲನ್ನು ಈಗ ಓದಿದಳು: ‘ಮಲಗುವಾಗ ಹಾಕಿ, ಎದ್ದ ಮೇಲೆ ಆರಿಸಿ.’

ಬೀನ್ಸನ್ನು ಪಕ್ಕಕ್ಕೆ ಸರಿಸಿದಳು. ಮೈದುನ ನಿದ್ದೆ ಹೋದವರ ಮೇಲೆ ಭಾರ ಹಾಕಿ ನಾಳೆ ಕೆಲಸ ಬಿಡಲಿದ್ದ. ಆ ಪಟ್ಟಿಗೆ ಹಾಡನ್ನು ಕಳಿಸಿದವಳು ತಾನು. ಮರುಗುತ್ತಾ ಕೂರುವುದು ಅವಳಿಗೆ ಬಾರದ ವಿದ್ಯೆ. ಅಲ್ಲೇ ಪತ್ರ ಬರೆದಳು: ‘ದಯವಿಟ್ಟು ಹಾಡನ್ನು ಪಟ್ಟಿಯಿಂದ ತೆಗೆಯಿರಿ.’

ಉತ್ತರ ಬೇಗನೆ ಬಂತು. ‘ಸೇರಿಸಿ ಎಂದು ದಿನಕ್ಕೆ ನೂರು ಜನ ಬರೆಯುತ್ತಾರೆ. ತೆಗೆಯಿರಿ ಎಂದವರು ನೀವೇ ಮೊದಲು. ಹಾಡಿನಲ್ಲಿ ದೋಷವಿದೆಯೇ?’

‘ಇಲ್ಲ,’ ಎಂದು ಬರೆದಳು. ‘ಅದು ಎದ್ದಿರುವವರಿಗೆ ಕಟ್ಟಿದ ಹಾಡು.’

ಆಮೇಲೆ ಮೈದುನನ ಮನೆಗೆ ಹೋಗಿ, ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. “ತಪ್ಪು ನನ್ನದು. ಪೂರ್ತಿ ಕೇಳದೆ ಕಳಿಸ್ಬಿಟ್ಟೆ.”

ಅವನ ಮುಖ ಕೆಂಪಾಯಿತು. “ಮಲಗಿರ್ಲಿ, ಕೂತಿರ್ಲಿ, ನಿಮಗೇನು? ಎರಡು ಲಕ್ಷ ಎರಡು ಲಕ್ಷಾನೇ! ಇದ್ದದ್ದನ್ನೂ ನಿಮ್ಮ ಕೈಯಾರೆ ತೆಗೆಸಿಬಿಟ್ರಲ್ಲ!”

“ಚಪ್ಪಲಿ ಹಾಕ್ಕೋ. ಕ್ಲಿನಿಕ್ಕಿಗೆ ನಡಿ.”

“ಯಾಕೆ?”

“ನಡಿ ಅಂದೆ.”

ಅತ್ತಿಗೆ ಆ ದನಿಯಲ್ಲಿ ಹೇಳಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತಿಲ್ಲ. ಕ್ಲಿನಿಕ್ಕಿನ ಬೀಗದ ಕೈ ಅವಳ ಬಳಿಯೇ ಇತ್ತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಡ್‌ಫೋನ್ ಹಾಕಿ, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿ ಬಾಗಿಲು ಮುಚ್ಚಿದಳು. ಅವನು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕುಳಿತ. ಹತ್ತು ನಿಮಿಷದ ನಂತರ ಬಾಗಿಲು ತೆರೆದಳು.

“ಹೇಗಿದೆ ನನ್ನ ಕಿವಿ?”

“ಕಿವಿ ಚೆನ್ನಾಗಿದೆ. ನಾನು ಶಬ್ದ ಕೊಟ್ಟಿದ್ದು ಒಂಬತ್ತು ಸಲ. ನೀನು ಒತ್ತಿದ್ದು ಹದಿನಾಲ್ಕು ಸಲ.”

ಅವನು ಕೈಯಲ್ಲಿದ್ದ ಗುಂಡಿಯನ್ನೇ ನೋಡಿದ. “ಕೇಳಿಸಿದ ಹಾಗೇ ಇತ್ತು, ಅತ್ತಿಗೆ.”

“ಎಲ್ಲರಿಗೂ ಹಾಗೇ ಇರುತ್ತೆ. ಹದಿನಾಲ್ಕು ಅಂತ ನಾನು ಬರೆದು ಕೊಟ್ಟುಬಿಟ್ರೆ ಅದು ಪರೀಕ್ಷೆ ಅಲ್ಲ, ಮುಖಸ್ತುತಿ. ಆ ಎರಡು ಲಕ್ಷಾನೂ ಅಷ್ಟೇ. ಗದ್ದಲ ನಿಲ್ಲಿಸದೆ ನಿಜವಾಗಿ ಎಷ್ಟು ಜನ ಅಂತ ತಿಳಿಯೋದು ಹೇಗೆ? ಅದಕ್ಕೇ ತೆಗೆಸಿದೆ.”

“ಹಾಗಾದ್ರೆ ನಾಳೆ?”

“ನಾಳೆ ಲಿಫ್ಟು ರಿಪೇರಿ. ಆ ರಾಜೀನಾಮೆ ಪತ್ರ ನನ್ನ ಡ್ರಾಯರಲ್ಲಿ ಇರ್ಲಿ. ತಾರೀಕು ಹಾಕೋ ದಿನ ನಾನು ಹೇಳ್ತೀನಿ. ಹೇಳೇ ಹೇಳ್ತೀನಿ.”

ಅವನು ಸೋಮವಾರ ಕೆಲಸಕ್ಕೆ ಹೋದ. ಅತ್ತಿಗೆಯೊಡನೆ ಮಾತು ಬಿಟ್ಟ. ದಿನಕ್ಕೆ ಐದು ಸಾವಿರ ಸಲ ಓಡುತ್ತಿದ್ದ ಹಾಡು ಇಪ್ಪತ್ತಮೂರಕ್ಕೆ ಇಳಿದಿತ್ತು. ಅತ್ತಿಗೆ ಎದುರಿಗೇ ಕೂತಿದ್ದರೂ, “ಅವರಿಗೆ ಹೇಳು, ನಿನ್ನೆ ಇಪ್ಪತ್ತಮೂರು,” ಎಂದು ಹೆಂಡತಿಯ ಕಡೆ ತಿರುಗಿ ಹೇಳುತ್ತಿದ್ದ. “ಅವನಿಗೆ ಹೇಳು, ಇಪ್ಪತ್ತಮೂರರಲ್ಲಿ ಎಂಟು ಜನ ಉಳಿಸ್ಕೊಂಡಿದಾರೆ,” ಎಂದು ಅತ್ತಿಗೆಯೂ ಓರಗಿತ್ತಿಗೇ ಹೇಳುತ್ತಿದ್ದಳು. ಓರಗಿತ್ತಿ ಸಾಕಾಗಿ, “ನಾನೇನು ಅಂಚೆ ಪೆಟ್ಟಿಗೆಯಾ?” ಎಂದು ಎದ್ದು ಹೋಗುತ್ತಿದ್ದಳು.

ಈ ನಡುವೆ ಅತ್ತಿಗೆ ಇನ್ನೊಂದು ಪಟ್ಟಿ ಹಿಡಿದಳು. ಚಿತ್ರಗಳಿಗೆ ಚೌಕಟ್ಟು ಹಾಕುವ ಒಬ್ಬಾತ ತನ್ನ ಅಂಗಡಿಗಾಗಿ ಮಾಡಿಕೊಂಡದ್ದು. ಹಿಂಬಾಲಿಸುವವರು ಆರುನೂರ ನಲವತ್ತು ಜನ. ಹೆಚ್ಚಿನವರು ಕೂತು ಕೈಕೆಲಸ ಮಾಡುವವರು. ಎಪ್ಪತ್ತೊಂದು ಹಾಡುಗಳನ್ನೂ ನಾಲ್ಕು ದಿನ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಕೇಳಿದಳು. ಐದು ಸಾಲು ಬರೆದಳು. ಒಂಬತ್ತು ದಿನ ಉತ್ತರವಿಲ್ಲ. ಅವಳು ಮತ್ತೆ ನೆನಪಿಸಲಿಲ್ಲ. ಕೆಲಸ ಮಾಡುವವನು ನಿಧಾನವಾಗಿಯೇ ಕೇಳುತ್ತಾನೆ ಎಂದು ಅವಳಿಗೆ ಗೊತ್ತು. ಹತ್ತನೆಯ ದಿನ ಎರಡು ಸಾಲು ಬಂತು.

‘ಹಾಡನ್ನು ನೀವು ಹೇಳಿದ ಜಾಗದಲ್ಲೇ ಇಟ್ಟಿದ್ದೇನೆ. ಎರಡನೇ ಚರಣದಲ್ಲಿ ಟಕ್ ಎನ್ನುತ್ತದಲ್ಲ, ಅದನ್ನು ತೆಗೆಯಬೇಡಿ.’

ಅವಳು ಅದನ್ನು ಎರಡು ಸಲ ಓದಿದಳು. ಅದೇ ವಾರ ಪುಸ್ತಕಕ್ಕೆ ರಟ್ಟು ಕಟ್ಟುವವಳೊಬ್ಬಳು ಬರೆದಳು: ‘ಐದನೇ ಮಹಡಿ ಬರುವ ಮುಂಚೆ ಟಕ್ ಅನ್ನೋದು ಏನು? ಅವಳ ಚಪ್ಪಲಿ ಕಿತ್ತುಹೋಯಿತೇ?’ ಬೂಟು ಹೊಲಿಯುವವನೊಬ್ಬ ಅದು ಬೀಗದ ಸದ್ದು ಎಂದು ವಾದಿಸಿದ. ತಿಂಗಳಲ್ಲಿ ಹಾಡು ಓಡಿದ್ದು ಒಂಬೈನೂರು ಸಲ. ಟಕ್ ಎಂದರೇನೆಂದು ಕೇಳಿದವರು ಹದಿನೇಳು ಜನ.

ಅವಳು ಹದಿನೇಳು ಪತ್ರಗಳನ್ನೂ ಪ್ರಿಂಟ್ ಮಾಡಿಸಿ, ಮೈದುನನ ಟೂಲ್ ಬ್ಯಾಗಿನಲ್ಲಿ ಸ್ಪ್ಯಾನರುಗಳ ಮೇಲೆ ಇಟ್ಟು ಬಂದಳು. ಮಧ್ಯಾಹ್ನ ಅವನೇ ಫೋನ್ ಮಾಡಿದ. ಹಿಂದೆ ಲಿಫ್ಟಿನ ಬಾವಿಯ ಮಾರ್ದನಿ.

“ಅತ್ತಿಗೆ, ಚಪ್ಪಲಿ ಅಂತೆ! ನನ್ನ ಮೊಣಕಾಲು ಅಂತ ಬರೆದ್ರಾ?”

“ಬರೆದೆ. ಸುಳ್ಳು ಯಾಕೆ ಹೇಳ್ಲಿ?”

ಎರಡು ತಿಂಗಳ ಮಾತಿನ ಬಾಕಿಯೆಲ್ಲ ಅಲ್ಲಿಗೆ ಮುಗಿಯಿತು. ಅವನು ಬಾವಿಯೊಳಗೆ ನಿಂತೇ ಹೊಸ ಹಾಡಿನ ಪಲ್ಲವಿ ಹಾಡಿ ತೋರಿಸಿದ. ಪರವಾಗಿಲ್ಲ ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಮುಂದಿನ ಭಾನುವಾರ ಇಬ್ಬರೂ ಮತ್ತೆ ಕ್ಲಿನಿಕ್ಕಿನಲ್ಲಿ. ಅವನು ಒಳಗೆ, ಅವಳು ಗಾಜಿನ ಈಚೆ. ಹಾಡು ಚೆನ್ನಾಗಿ ಸಾಗಿತು. ಎರಡನೇ ಚರಣದ ನಡುವೆ ‘ಟಕ್’ ಎಂದಿತು. ಅವಳು ರೆಕಾರ್ಡಿಂಗ್ ನಿಲ್ಲಿಸಿ ಬಾಗಿಲು ತೆರೆದಳು.

“ಇದು ಮೊಣಕಾಲಲ್ಲ. ಬೇಕೂಂತ ಒತ್ತಿದೆ.”

ಅವನು ಕಳ್ಳನಗೆ ನಕ್ಕ. “ಹೇಗೆ ಗೊತ್ತಾಯ್ತು?”

“ಹತ್ತೊಂಬತ್ತು ವರ್ಷ ನಾನಿಲ್ಲಿ ಮಾಡ್ತಿರೋ ಕೆಲಸ ಏನು ಅಂದ್ಕೊಂಡೆ?” ಅವಳು ಗುಂಡಿಯ ತಂತಿಯನ್ನು ಬಿಚ್ಚಿ ತನ್ನ ಕೋಟಿನ ಜೇಬಿಗೆ ಹಾಕಿಕೊಂಡಳು. “ಮೊದಲಿಂದ ಹಾಡು.”

“ಅತ್ತಿಗೆ, ಆ ರಾಜೀನಾಮೆ ಪತ್ರ...”

“ಡ್ರಾಯರಲ್ಲೇ ಇದೆ. ಈ ಹಾಡು ಸರಿಯಾಗಿ ಬರ್ಲಿ, ಮುಂದಿನ ವರ್ಷದ ಕ್ಯಾಲೆಂಡರ್ ತಗೊಂಡು ಕೂರೋಣ.”

ಅವನು ಹೆಡ್‌ಫೋನ್ ಸರಿಮಾಡಿಕೊಂಡು, ಮೊಣಕಾಲುಗಳನ್ನು ಒತ್ತಾಗಿ ಸೇರಿಸಿ ಕುಳಿತ. ಅವಳು ಬಾಗಿಲು ಮುಚ್ಚಿದಳು.