ಕೆಂಪರಾಜನ ಕೂಗು

ಹುಣಸೆಮರ ಹತ್ತುವುದರಲ್ಲಿ ನಲ್ಲೂರಿನ ಸುತ್ತಮುತ್ತ ಕೆಂಪರಾಜನಿಗೆ ಸಾಟಿಯಿರಲಿಲ್ಲ. ಒಂದು ಮರದ ಹಣ್ಣು ಉದುರಿಸಿದ ಮೇಲೆ ಉಳಿದವರು ಕೆಳಗಿಳಿದು ಪಕ್ಕದ ಮರ ಹತ್ತಿದರೆ, ಇವನು ಕೊಂಬೆಯಿಂದ ಕೊಂಬೆಗೇ ಹಾರುತ್ತಿದ್ದ. ಹಾರುವ ಮುಂಚೆ ಎಡಗೈಯನ್ನು ತೊಡೆಗೊಮ್ಮೆ ಒರೆಸಿಕೊಳ್ಳುವುದು ಅವನ ಅಭ್ಯಾಸ. ನಲವತ್ತು ದಾಟಿದರೂ ಹಾರುವ ಚಟ ಬಿಟ್ಟಿರಲಿಲ್ಲ. ಹೆಂಡತಿ ಮಮತ ಬೈದರೆ, "ಮರ ನನ್ನ ಬೀಳಿಸಲ್ಲ ಬಿಡು" ಎಂದು ನಗುತ್ತಿದ್ದ.

ಮರ ಬೀಳಿಸಲೂ ಇಲ್ಲ. ಎರಡು ವರ್ಷದ ಹಿಂದೆ ಶಿವರಾತ್ರಿ ಕಳೆದ ವಾರದಲ್ಲಿ ಅವನು ಹಾರುವುದನ್ನು ಅನಿಲ್‌ಕುಮಾರ್ ಎಂಬವನು ಕಾರು ನಿಲ್ಲಿಸಿ ನೋಡಿದ. ಬೆಂಗಳೂರಿನ ಯಾವುದೋ ವಿಡಿಯೋ ಗೇಮ್ ಕಂಪನಿಯವನು. ಗೋಡೆ ಹತ್ತಿ, ಕಂದಕ ಜಿಗಿದು, ಬಳ್ಳಿ ಹಿಡಿದು ತೂಗಾಡುವ ವೀರನೊಬ್ಬನ ಆಟ ಮಾಡುತ್ತಿದ್ದರು. ಆ ವೀರನಿಗೆ ನಿಜವಾದ ಮನುಷ್ಯನ ಮೈಯ ಚಲನೆ ಬೇಕಿತ್ತು.

ಕಾಗದಕ್ಕೆ ಸಹಿ ಹಾಕಿಸಿಕೊಂಡು ಬೆಂಗಳೂರಿಗೆ ಕರೆದೊಯ್ದರು. ದೊಡ್ಡ ಹಾಲ್ ಒಂದರಲ್ಲಿ ಕೆಂಪರಾಜನಿಗೆ ಮೈಗಂಟಿದ ಕಪ್ಪು ಅಂಗಿ ತೊಡಿಸಿ, ಮೇಲೆಲ್ಲ ಬಿಳಿ ಗುಂಡುಗಳನ್ನು ಅಂಟಿಸಿದರು. ಸುತ್ತ ಅವನ ಚಲನೆ ಹಿಡಿಯುವ ಕ್ಯಾಮೆರಾ, ದನಿಗೆ ಮೈಕು. ಹಾರು ಅಂದರೆ ಹಾರಿದ, ತೂಗು ಅಂದರೆ ತೂಗಿದ. ಎರಡನೇ ದಿನ ಕಬ್ಬಿಣದ ಅಟ್ಟಣಿಗೆಯ ಹಲಗೆ ಜಾರಿತು. ಕೆಳಗೆ ಹಾಸಿಗೆ ಹಾಕಿದ್ದು ಬೇರೆ ಕಡೆ. ಹಿಮ್ಮಡಿಯ ಮೂಳೆ ಪುಡಿಯಾಯಿತು. ಕಂಪನಿಯವರು ಆಸ್ಪತ್ರೆಗೆ ಸೇರಿಸಿದರು, ವಾಸಿಯಾಗುವವರೆಗೂ ನೋಡಿಕೊಂಡರು. ಅಲ್ಲಿಂದಾಚೆ ಕೆಂಪರಾಜ ಮರ ಹತ್ತಲಿಲ್ಲ. ಕೆಳಗೆ ನಿಂತು ಗಳದಲ್ಲಿ ಹಣ್ಣು ಬಡಿಯುವುದಷ್ಟೇ ಉಳಿಯಿತು.

ಹೋದ ದಸರಾ ರಜೆಗೆ ತಮ್ಮನ ಮಗಳು ಸಿಂಚನ ಹೊಸಕೋಟೆಯಿಂದ ಬಂದಳು. ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಆಡುತ್ತಿದ್ದಳು. ಕೆಂಪರಾಜ ಸುಮ್ಮನೆ ಇಣುಕಿದ. ಪಾಳುಕೋಟೆಯ ಗೋಡೆಯ ಮೇಲೆ ಒಬ್ಬ ವೀರ ನಿಂತಿದ್ದ. ಎಡಗೈಯನ್ನು ತೊಡೆಗೆ ಒರೆಸಿಕೊಂಡ. ಹಾರಿದ.

"ಲೇ ಮಗಾ, ಅವನು ನಾನು ಕಣೇ!"

"ಸುಳ್ಳು ಹೇಳ್ಬೇಡಿ ದೊಡ್ಡಪ್ಪ!" ಎಂದು ನಕ್ಕರೂ ಸಿಂಚನ ಮೊಬೈಲನ್ನು ಅವನ ಕೈಗಿತ್ತಳು. "ಇಲ್ಲಿ ಒತ್ತಿ. ಕೈ ಬಿಟ್ಟಾಗಿಂದ ಆಚೆ ಗೋಡೆ ಸಿಗೋ ತನಕ ಹೊಟ್ಟೇಲಿ ಒಂಥರಾ ಆಗುತ್ತೆ ನೋಡಿ. ಅದಕ್ಕೇ ಆಡೋದು."

ಒತ್ತಿದ. ವೀರ ಗಾಳಿಗೆ ಚಿಮ್ಮಿದ. ಕೆಂಪರಾಜನ ಹೊಟ್ಟೆಯೊಳಗೆ ಏನೋ ಎದ್ದು ಹಗುರಾಯಿತು. ಎರಡು ವರ್ಷದಿಂದ ಇಲ್ಲದ್ದು. ಹುಡುಗಿ ಹೇಳಿದ್ದು ನಿಜ, ಕೊಂಬೆ ಬಿಟ್ಟ ಕ್ಷಣವೇ ಅದು. ಮತ್ತೆ ಒತ್ತಿದ, ಮತ್ತೆ. ಐದನೆಯ ಸಲ ಬೆರಳು ತಡವಾಯಿತು. ವೀರ ಕಂದಕಕ್ಕೆ ಬಿದ್ದ.

"ಅಮ್ಮೋ!"

ಅದು ಕೆಂಪರಾಜನದೇ ದನಿ. ಮೂಳೆ ಮುರಿದಾಗ ಅವನ ಬಾಯಿಂದ ಬಂದದ್ದು, ಕೊನೆಯ ಬಿಕ್ಕಿನ ಸಮೇತ.

"ಇದೇ ಮಜಾ ದೊಡ್ಡಪ್ಪ! ನಮ್ಮ ಕ್ಲಾಸಲ್ಲಿ ಇದನ್ನ ಕೇಳಕ್ಕೇಂತ ಎಲ್ರೂ ಬೇಕೂಂತ್ಲೇ ಬೀಳಿಸ್ತೀವಿ." ಸಿಂಚನ ಮೊಬೈಲು ಕಿತ್ತುಕೊಂಡು ಬೀಳಿಸಿದಳು. ಅಮ್ಮೋ. ಇನ್ನೊಮ್ಮೆ. ಅಮ್ಮೋ.

ಅವನು ಎದ್ದು ತಿಪ್ಪೆಯ ಬಳಿ ಹೋಗಿ ಉಗಿದ. ಬಾಯಿ ಕಹಿಯಾಗಿತ್ತು. ಆವತ್ತು ಮುದ್ದೆ ಮುಟ್ಟಲಿಲ್ಲ. ಮಗುವಿಗೇನು ಗೊತ್ತು? ಆದರೆ ಯಾರೋ ಒಬ್ಬ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಆ ಕೂಗನ್ನು ಹತ್ತಾರು ಸಲ ಕೇಳಿ, ಎಲ್ಲಿಂದ ಎಲ್ಲಿಗೆ ಕತ್ತರಿಸಿದರೆ ಚೆಂದ ಎಂದು ನೋಡಿರಬೇಕಲ್ಲ! ಚಹಾ ಕುಡಿಯುತ್ತಾ ನೋಡಿರಬೇಕು. ಅದಕ್ಕಿಂತ ಹೆಚ್ಚು ಹೇಸಿಗೆ ತನ್ನ ಮೇಲೆಯೇ ಆಯಿತು. ಅಷ್ಟಾದರೂ ಬೆರಳು ಇನ್ನೊಮ್ಮೆ ಹಾರಲು ತವಕಿಸುತ್ತಿತ್ತು.

ತಿಂಗಳಾದ ಮೇಲೆ ಅನಿಲ್‌ಕುಮಾರ್ ಸ್ವೀಟ್ ಬಾಕ್ಸ್ ಹಿಡಿದು ಬಂದ. "ಕೆಂಪರಾಜಣ್ಣ, ಗೇಮು ಸಖತ್ ಹಿಟ್. ಎರಡನೇ ಭಾಗ ಮಾಡ್ತಿದೀವಿ. ಈ ಸಲ ನೀವು ಹಾರೋದು ಬೇಡ, ಬರೀ ದನಿ ಸಾಕು."

"ಕೂಗೋಕಾ?"

"ಜನಕ್ಕೆ ಅದೇ ಇಷ್ಟ ಅಣ್ಣ. ಅಷ್ಟು ನ್ಯಾಚುರಲ್ಲಾಗಿ ಯಾವ ಆಕ್ಟರೂ ಕೂಗಲ್ಲ."

"ಮೂಳೆ ಮುರಿದ್ರೆ ಕೂಗ್ತಾನೆ."

ಅನಿಲ್‌ಕುಮಾರ್ ನಗಲು ನೋಡಿದ, ಆಗಲಿಲ್ಲ. "ನೀವೇ ಸೈನ್ ಹಾಕಿದ್ರಲ್ಲ, ರೆಕಾರ್ಡ್ ಆಗಿದ್ದೆಲ್ಲಾ ನಮ್ದೂಂತ..."

"ಹಾಕಿದ್ದೆ ಕಣಪ್ಪಾ. ನಾನು ಬಿದ್ದು ಒದ್ದಾಡ್ತಿದ್ದಾಗ ಮೈಕು ಆರಿಸ್ಬೇಕು ಅಂತ ಒಬ್ರಿಗೂ ಅನ್ನಿಸ್ಲಿಲ್ವಾ? ಆ ಬಾಕ್ಸು ತಗೊಂಡು ಎದ್ದೇಳು. ನೋಡಿದ್ರೆ ವಾಕರಿಕೆ ಬರುತ್ತೆ. ಮೊದಲು ಆ ಕೂಗು ತೆಗೀರಿ."

ಬಾಗಿಲಲ್ಲಿ ನಿಂತಿದ್ದ ಮಮತ ಬಾಕ್ಸನ್ನು ತಾನೇ ಎತ್ತಿ ಕಾರಿನ ಸೀಟಿನ ಮೇಲೆ ಇಟ್ಟು ಬಂದಳು.

ಸಂಕ್ರಾಂತಿಗೆ ಸಿಂಚನ ಮತ್ತೆ ಬಂದಳು. ಆ ಕೂಗು ಯಾರದೆಂದು ಅವಳಿಗೂ ಗೊತ್ತಾಗಿತ್ತು. "ಕೂಗು ಬದಲಾಯ್ಸಿದ್ದಾರೆ ದೊಡ್ಡಪ್ಪ, ಕೇಳಿ" ಎಂದು ಮೆಲ್ಲಗೆ ಹೇಳಿ ವೀರನನ್ನು ಬೀಳಿಸಿದಳು. ಅದು ಅವನ ದನಿಯಲ್ಲ. ಯಾರೋ ಚಿಕ್ಕ ವಯಸ್ಸಿನವನದು. ಅದೂ ನಟನೆಯಂತೆ ಕೇಳಲಿಲ್ಲ.

"ಇವನಿಗೆಲ್ಲಿ ಮುರೀತೋ" ಎಂದ ಕೆಂಪರಾಜ. ಅವಳು ಆಟ ನಿಲ್ಲಿಸಿದಳು.