ತೊಟ್ಟಿಲ ಕೊಕ್ಕೆ ಇಲ್ಲದ ಮನೆ

ಆಷಾಢ ಹುಟ್ಟುವುದಕ್ಕೆ ಇನ್ನು ನಾಲ್ಕೇ ದಿನ ಉಳಿದಿದ್ದವು. ಆಷಾಢ ಬಂತೆಂದರೆ ನಮ್ಮಲ್ಲಿ ಹೊಸ ಮನೆಗೆ ಕಾಲಿಡುವ ಮಾತೇ ಇಲ್ಲ. ಬಾಗಿಲಿಗೆ ಬೀಗ ಹಾಕಿ ಒಂದು ತಿಂಗಳು ಹೊರಗಿನಿಂದ ನೋಡಿಕೊಂಡಿರಬೇಕು. ಅಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಗೋವಿಂದರಾಜನಗರದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷ ಕಳೆದವನು ನಾನು. ಮಲ್ಲತ್ತಹಳ್ಳಿಯಲ್ಲಿ ನನ್ನದೇ ಮನೆಯ ಗೇಟಿನ ಬಣ್ಣ ಒಣಗಿ ಮಿನುಗುತ್ತಿರುವಾಗ ಇನ್ನೊಂದು ತಿಂಗಳು ಹೇಗೆ ಕಾಯಲಿ?

‘ಗೃಹಪ್ರವೇಶ, ಸಾಮಾನು ಸಾಗಿಸೋದು, ನೆಂಟರ ಊಟ, ಮೂರೂ ಒಂದೇ ದಿನ ಮುಗಿಸಿಬಿಡ್ತೀನಿ’ ಎಂದುಬಿಟ್ಟೆ.

ಮಗಳ ಬಾಯಿಗೆ ಅನ್ನ ಇಡುತ್ತಿದ್ದ ನನ್ನ ಹೆಂಡತಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

‘ಒಂದೂ ಮುಕ್ಕಾಲು ವರ್ಷದ ಮಗು ಇಟ್ಕೊಂಡಾ?’

‘ಮಗು ಏನ್ ಮಾಡುತ್ತೆ? ನಿನ್ ಸೊಂಟದ ಮೇಲಿರುತ್ತೆ.’

‘ಸೊಂಟ ನಂದಲ್ವಾ, ಅದಕ್ಕೇ ಅಷ್ಟು ಸಲೀಸಾಗಿ ಹೇಳ್ತಿದೀರ.’

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ವೆಲ್ಡಿಂಗ್ ಕೆಲಸಕ್ಕೆ ಸೇರಿದವನು. ಈಗ ಮಾಗಡಿ ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿ ನನ್ನದೇ ಅಂಗಡಿ ಇದೆ. ಗೇಟು, ಕಿಟಕಿಯ ಗ್ರಿಲ್ಲು, ಮೆಟ್ಟಿಲಿನ ಕಂಬಿ ಎಲ್ಲಾ ಮಾಡುತ್ತೇನೆ. ವಿಜಯನಗರ, ಬಸವೇಶ್ವರನಗರದ ಕಡೆ ಹೋದಾಗ ನಾನು ಮಾಡಿದ ಗೇಟು ಕಂಡರೆ ಸ್ಕೂಟರ್ ನಿಧಾನ ಮಾಡಿ ಒಮ್ಮೆ ನೋಡಿಯೇ ಮುಂದೆ ಹೋಗುವ ಅಭ್ಯಾಸ ನನಗೆ. ಅಂಥವನು ಸ್ವಂತ ಮನೆ ಕಟ್ಟಿದರೆ ಹೇಗಿರಬೇಡ! ಸೈಟು ಇಪ್ಪತ್ತು ಅಡಿಗೆ ಮೂವತ್ತು ಅಡಿ, ದೊಡ್ಡದೇನಲ್ಲ. ಆದರೆ ಅಲ್ಲಿರುವ ಒಂದೊಂದು ಕಂಬಿಯೂ ನನ್ನ ಕೈ ದಾಟಿಯೇ ಹೋಗಿದೆ. ಕಿಟಕಿಯ ಸರಳುಗಳ ನಡುವೆ ಎಷ್ಟು ಸಂದು ಬಿಡಬೇಕೆಂದು ಮಗಳ ತಲೆಗೆ ಟೇಪು ಹಿಡಿದು ಅಳೆದಿದ್ದೆ. ಅವಳು ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳಬಾರದು, ಆದರೆ ಕೈ ಹೊರಗೆ ಚಾಚಿ ಮಳೆ ಮುಟ್ಟಬೇಕು. ಹಾಗೆ ಲೆಕ್ಕ ಹಾಕಿ ಕಟ್ಟಿದ ಮನೆ ಅದು.

ಸಾಮಾನು ಕಟ್ಟಲು ಆಳುಗಳನ್ನು ಕರೆಯುವುದಕ್ಕೂ ನಾನು ಒಪ್ಪಲಿಲ್ಲ. ಇಪ್ಪತ್ತು ಅಡಿ ಉದ್ದದ ಕಬ್ಬಿಣವನ್ನು ಆಟೋದ ಮೇಲೆ ಕಟ್ಟಿ ಅಲುಗಾಡದ ಹಾಗೆ ಸಾಗಿಸುವವನಿಗೆ ಪಾತ್ರೆ ಪಗಡೆ ಕಟ್ಟುವುದು ಯಾವ ಮಹಾ ಕೆಲಸ? ಎರಡು ದಿನ ಕೂತು ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದೆ. ನಾನು ತುಂಬುತ್ತಿದ್ದ ಹಾಗೇ ಮಗಳು ಇನ್ನೊಂದು ಕಡೆಯಿಂದ ತೆಗೆಯುತ್ತಿದ್ದಳು. ಒಂದು ಚಮಚ ಒಳಗೆ, ಎರಡು ಚಮಚ ಹೊರಗೆ. ಲಟ್ಟಣಿಗೆ ಹಿಡಿದು ಓಡಿದವಳನ್ನು ನನ್ನ ಅಮ್ಮ ಅಟ್ಟಿಸಿಕೊಂಡು ಹೋದರು. ಸೌಟು ಎಲ್ಲೂ ಸಿಗಲಿಲ್ಲ. ಮೂಟೆ ಬಿಚ್ಚಿ ಹುಡುಕಿ, ಮತ್ತೆ ಕಟ್ಟಿ, ಕೊನೆಗೆ ನೋಡಿದರೆ ಅದು ನನ್ನ ಹೆಲ್ಮೆಟ್ಟಿನೊಳಗೆ ಮಲಗಿತ್ತು.

‘ಹಳೇ ಪೊರಕೆ ಮಾತ್ರ ಕಟ್ಬೇಡ ಕಣೋ, ಇಲ್ಲೇ ಬಿಟ್ಬಾ’ ಎಂದು ಅಮ್ಮ ಹತ್ತು ಸಲ ಹೇಳಿದರು.

‘ಬಿಟ್ಟಿದೀನಮ್ಮ. ನಿನ್ ಮೊಮ್ಮಗಳು ಅದನ್ನೂ ಮೂಟೆಗೆ ಹಾಕಿದ್ರೆ ನನ್ ಕೇಳ್ಬೇಡ.’

ಗೃಹಪ್ರವೇಶದ ದಿನ ಬೆಳಗಿನ ಐದೂವರೆಗೆ ಹೊಸ ಮನೆಯಲ್ಲಿ ಹಾಲು ಉಕ್ಕಬೇಕಿತ್ತು. ಮಗಳನ್ನು ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಬಂದಿದ್ದೆವು. ಪೂಜೆ ಮುಗಿದು ಒಲೆಯ ಮೇಲೆ ಹಾಲಿಟ್ಟಾಗ ನಾವು ನಾಲ್ಕೂ ಜನ ಪಾತ್ರೆಯನ್ನೇ ನೋಡುತ್ತಾ ನಿಂತೆವು. ಹಾಲು ಮೆಲ್ಲಗೆ ಮೇಲೆದ್ದು ಅಂಚು ದಾಟಿ ಸುರಿದಾಗ ಅಮ್ಮ ‘ಉಕ್ತು, ಉಕ್ತು!’ ಎಂದು ಕೈ ಮುಗಿದರು. ಮಗಳು ‘ಉತ್ತು!’ ಎಂದು ಕಿರುಚಿ ಚಪ್ಪಾಳೆ ತಟ್ಟಿದಳು. ಮನೆಯಲ್ಲಿ ಹಾಲು ಚೆಲ್ಲಿದರೆ ಬೈಸಿಕೊಳ್ಳುವವಳಿಗೆ ದೊಡ್ಡವರೆಲ್ಲ ಸೇರಿ ಹಾಲು ಚೆಲ್ಲಿ ನಗುವುದು ಬಹಳ ಹಿಡಿಸಿತ್ತು. ನನಗೋ, ಒಂದೇ ಸಲಕ್ಕೆ ನಾಲ್ಕು ಮೆಟ್ಟಿಲು ಹಾರುವಷ್ಟು ಖುಷಿ. ಆ ಹುರುಪಿನಲ್ಲೇ ಟೆಂಪೋದವನ ಜೊತೆ ನಾಗರಬಾವಿ ದಾಟಿ ಎರಡು ಸಲ ಹೋಗಿ ಬಂದೆ. ಹತ್ತು ಗಂಟೆಗೆ ಸಾಮಾನೆಲ್ಲ ಹೊಸ ಮನೆಯೊಳಗಿತ್ತು. ಒಂದು ಗಂಟೆಗೆ ನೆಂಟರು ಊಟಕ್ಕೆ ಬರುವವರಿದ್ದರು. ಅಡುಗೆಯವರು ತಾರಸಿಯ ಮೇಲೆ ಒಗ್ಗರಣೆ ಹಾಕುತ್ತಿದ್ದರು.

‘ನೋಡ್ದ್ಯಾ? ಒಂದೇ ದಿನ ಅಂದಿದ್ದೆ’ ಎಂದು ಹೆಂಡತಿಯ ಮುಂದೆ ನಿಂತು ಬೀಗಿದೆ.

ಮಗಳು ಕಣ್ಣುಜ್ಜಿ, ಕಿವಿ ಎಳೆದುಕೊಳ್ಳಲು ಶುರು ಮಾಡಿದ್ದಳು. ನಿದ್ದೆ ಬಂದಾಗ ಅವಳು ಮಾಡುವುದೇ ಹಾಗೆ.

‘ಆಯ್ತು ಮಹರಾಯ. ಈಗ ಜೋಲಿ ಕಟ್ಕೊಡಿ. ಇವಳು ಒಂದ್ ಗಂಟೆ ಮಲಗಿದ್ರೆ ಮಿಕ್ಕಿದ್ದೆಲ್ಲಾ ನಾನ್ ನೋಡ್ಕೋತೀನಿ’ ಎಂದಳು.

ನಾಮಕರಣದ ದಿನದಿಂದ ಮಗಳು ಮಲಗುತ್ತಿದ್ದದ್ದು ಜೋಲಿಯಲ್ಲೇ. ಹೆಂಡತಿಯ ಹಳೆಯ ನೂಲಿನ ಸೀರೆಯನ್ನು ತೊಟ್ಟಿಲಿನಂತೆ ಮಡಿಸಿ, ಹಗ್ಗಕ್ಕೆ ಗಂಟು ಹಾಕಿ, ಹಗ್ಗವನ್ನು ಮಾಳಿಗೆಯ ಕೊಕ್ಕೆಗೆ ಕಟ್ಟುತ್ತಿದ್ದೆವು. ಬಾಡಿಗೆ ಮನೆಯ ನಡುಕೋಣೆಯಲ್ಲಿ ಅದಕ್ಕೆಂದೇ ಹಿಂದಿನವರು ಬಿಟ್ಟಿದ್ದ ಒಂದು ಕಬ್ಬಿಣದ ಕೊಕ್ಕೆ ಇತ್ತು. ಬೆಳಿಗ್ಗೆ ನಾನೇ ಅದರಿಂದ ಹಗ್ಗ ಬಿಚ್ಚಿ ತಂದಿದ್ದೆ.

ಸೀರೆ, ಹಗ್ಗ ಹಿಡಿದು ಕೋಣೆಗೆ ಹೋಗಿ ತಲೆ ಎತ್ತಿದೆ. ಬೆಳ್ಳಗಿನ, ನುಣ್ಣಗಿನ ಸೀಲಿಂಗು. ಫ್ಯಾನು ತಿರುಗುತ್ತಿತ್ತು. ಇನ್ನೊಂದು ಕೋಣೆಗೆ ಹೋದೆ. ಅಲ್ಲೂ ಫ್ಯಾನು. ಮುಂದಿನ ಹಾಲ್‌ನಲ್ಲಿ ಚಂದಕ್ಕೆಂದು ನಾನೇ ಮಾಡಿಸಿದ್ದ ಪಿಒಪಿ ಸೀಲಿಂಗು, ಅದರ ನಡುವೆ ಫ್ಯಾನು. ಕಬ್ಬಿಣದ ಕೆಲಸದವನ ಮನೆಯಲ್ಲಿ ಮಗುವಿಗೆ ಒಂದು ಕೊಕ್ಕೆ ಇರಲಿಲ್ಲ.

ಮರೆತಿದ್ದು ಅವತ್ತಲ್ಲ, ಎರಡು ವರ್ಷದ ಹಿಂದೆ. ಈ ಮನೆಯ ಮೇಲೆ ಕಾಂಕ್ರೀಟು ಸುರಿದು ಮೌಲ್ಡಿಂಗ್ ಹಾಕುವ ದಿನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ತಾರಸಿಯ ಕಂಬಿಗಳಿಗೆ ಫ್ಯಾನಿನ ಕೊಕ್ಕೆಗಳನ್ನು ಕಟ್ಟಿ ಮುಗಿಸಿ, ಇನ್ನೊಂದು ದಪ್ಪ ಕಂಬಿಯನ್ನು ಬಗ್ಗಿಸುತ್ತಾ ಕೂತಿದ್ದೆ. ಕೆಲಸದವರಿಗೆ ಟೀ ತಂದಿದ್ದ ಅಮ್ಮ ಅದನ್ನು ನೋಡಿ, ‘ಇದ್ಯಾವ್ದೋ?’ ಎಂದಿದ್ದರು.

‘ತೊಟ್ಟಿಲಿಗೆ.’

‘ಮಗು ಹುಟ್ಟೋಕ್ಕೆ ಮುಂಚೆ ತೊಟ್ಟಿಲ ಕೊಕ್ಕೆ ಹಾಕ್ತಾರೇನೋ? ತೆಗಿಯೋ ಅತ್ಲಾಗೆ!’

ನಮ್ಮ ಮನೆಗಳಲ್ಲಿ ಹೆರಿಗೆಗೆ ಮುಂಚೆ ಮಗುವಿಗೆಂದು ಒಂದು ಟೋಪಿಯನ್ನೂ ಕೊಳ್ಳುವುದಿಲ್ಲ. ನಾನೂ ಕೊಕ್ಕೆಯನ್ನು ಪಕ್ಕಕ್ಕಿಟ್ಟೆ. ಹುಟ್ಟಿದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಆಮೇಲೆ ಗೇಟಿನ ಡಿಸೈನು, ಟೈಲ್ಸು, ಬಣ್ಣ ಎಂದು ಎರಡು ವರ್ಷ ಓಡಾಡಿದವನಿಗೆ ಅದು ನೆನಪಿಗೇ ಬರಲಿಲ್ಲ.

‘ಡ್ರಿಲ್ ಮಿಷಿನ್ ಅಂಗಡೀಲಿದೆ, ಹೋಗಿ ತರ್ತೀನಿ. ಒಂದು ತೂತ ಹೊಡೆದು ಬೋಲ್ಟ್ ಹಾಕಿದ್ರೆ ಆಯ್ತು’ ಎಂದೆ.

ಅಮ್ಮ ಅಡ್ಡ ನಿಂತರು. ‘ಹಾಲುಕ್ಕಿಸಿ ಇನ್ನೂ ಮಧ್ಯಾಹ್ನ ಆಗಿಲ್ಲ. ಇವತ್ತೇ ಮನೆ ನೆತ್ತಿಗೆ ತೂತ ಹೊಡೀತೀಯಾ?’

‘ಅವತ್ತು ಕೊಕ್ಕೆ ಬೇಡ ಅಂದಿದ್ದೂ ನೀನೇ ಅಲ್ವೇನಮ್ಮ!’

‘ಹುಟ್ಟೋಕ್ಕೆ ಮುಂಚೆ ಬೇಡ ಅಂದೆ. ಹುಟ್ಟಿದ್ಮೇಲೂ ಬೇಡ ಅಂದಿದ್ನಾ?’

ಡ್ರಿಲ್ಲಿನ ಆಸೆ ಬಿಟ್ಟು ಮಗಳ ಕಡೆ ತಿರುಗಿದೆ. ಚಾಪೆ ಹಾಸಿ ಮಲಗಿಸಿದೆವು, ಎದ್ದು ಕೂತಳು. ಹೆಂಡತಿ ಹೆಗಲಿಗೆ ಹಾಕಿಕೊಂಡು ತಟ್ಟಿದಳು, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ಕಿರುಚಿದಳು. ನಾನು ಎತ್ತಿಕೊಂಡೆ. ನನ್ನ ಕಾಲರ್ ಹಿಡಿದುಕೊಂಡು, ಮೂಗು ಸುರಿಸುತ್ತಾ ಹೇಳಿದಳು:

‘ಮನೆಗೆ ಓಗಣ.’

‘ಇದೇ ನಮ್ಮನೆ ಕಣಮ್ಮ.’

‘ಅಲ್ಲ.’

‘ನೋಡಿಲ್ಲಿ, ಕಿಟಕಿ. ಕೈ ಹಾಕು. ನಿಂಗೇಂತಲೇ ಮಾಡಿರೋದು.’

‘ಬೇಡ.’

‘ಗೇಟ್ ನೋಡಿದ್ಯಾ? ಅಪ್ಪ ಮಾಡಿರೋ ಗೇಟು.’

‘ಮನೆಗೆ ಓಗಣ.’

ಗಿರಾಕಿಗಳು ನನ್ನ ಕೆಲಸದಲ್ಲಿ ತಪ್ಪು ಹುಡುಕಿದ್ದುಂಟು. ಅವರ ಜೊತೆ ರಸ್ತೆಯಲ್ಲಿ ನಿಂತು ವಾದ ಮಾಡಿ ಗೆದ್ದಿದ್ದೇನೆ. ಇವಳ ಹತ್ತಿರ ಏನು ವಾದ ಮಾಡಲಿ? ಯಾರು ಇರಲೆಂದು ಇಷ್ಟೆಲ್ಲ ಕಟ್ಟಿದೆನೋ ಅವಳೇ ಇದು ಮನೆಯಲ್ಲ ಅನ್ನುತ್ತಿದ್ದಳು. ನೆಂಟರು ಬಂದು ಮೆಚ್ಚಲಿ ಬಿಡಲಿ, ಇವಳು ಇಲ್ಲಿ ಒಂದು ಸಲ ಕಣ್ಣು ಮುಚ್ಚಿ ಮಲಗಿದರೆ ಸಾಕೆನ್ನಿಸಿತು.

ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕೆರೆಯ ಕಡೆ ಒಂದು ಸುತ್ತು ಹೊಡೆದೆ. ಗಾಳಿಗೆ ಅಳು ನಿಂತಿತು. ತಲೆ ನನ್ನ ಕೈ ಮೇಲೆ ವಾಲಿತು. ಗೆದ್ದೆ ಎಂದುಕೊಂಡು ಮನೆಯ ಕಡೆ ತಿರುಗಿಸಿದೆನೋ ಇಲ್ಲವೋ, ತಲೆ ಎತ್ತಿದಳು. ನಾವು ಗೋವಿಂದರಾಜನಗರಕ್ಕೆ ಹೋಗುತ್ತಿದ್ದೇವೆಂದು ನಂಬಿದ್ದಳೇನೋ. ನಮ್ಮ ಗೇಟು ಕಂಡದ್ದೇ, ಬೀದಿಯವರೆಲ್ಲ ಹೊರಬಂದು ನೋಡುವ ಹಾಗೆ ಅತ್ತಳು.

ಆ ಹೊತ್ತಿಗೆ ನಮ್ಮ ಮೇಸ್ತ್ರಿ ಬಂದ. ಈ ಮನೆಗೆ ಮೌಲ್ಡಿಂಗ್ ಹಾಕಿದವನು ಅವನೇ. ನನಗೆ ಹಳೆಯ ಸ್ನೇಹಿತ. ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದ.

‘ಏನ್ ಗುರು, ಊಟಕ್ಕೆ ಕರೆದು ಮಗು ಕೈಲಿ ಓಲಗ ಊದಿಸ್ತಿದೀಯ?’

ಜೋಲಿಯ ಕಥೆ ಹೇಳಿದೆ. ಅವನು ಹೊಟ್ಟೆ ಹಿಡಿದು ನಕ್ಕ. ‘ಊರಿಗೆಲ್ಲಾ ಕಬ್ಬಿಣ ಬಗ್ಗಿಸ್ತೀಯ, ನಿನ್ ಮಗಳಿಗೊಂದು ಕೊಕ್ಕೆ ಇಲ್ವಾ? ಫ್ಯಾನ್ ಬಿಚ್ಚಿ ಅದರ ಕೊಕ್ಕೆಗೇ ಕಟ್ಟು.’

ಹಾಲ್‌ನಲ್ಲಿ ಕೊಕ್ಕೆ ಪಿಒಪಿಯೊಳಗೆ ಮುಚ್ಚಿಹೋಗಿತ್ತು. ಎರಡೂ ಕೋಣೆ ತೋರಿಸಿದೆ. ಫ್ಯಾನಿನ ಕೆಳಗೆ ನಾನೇ ಕಟ್ಟಿದ ಮೂಟೆಗಳು ಎದೆಯೆತ್ತರ ಬಿದ್ದಿದ್ದವು. ಏಣಿ ಇಡಲೂ ಜಾಗವಿರಲಿಲ್ಲ. ಮೇಸ್ತ್ರಿ ತಲೆ ಕೆರೆದುಕೊಂಡ. ಆಮೇಲೆ ಇದ್ದಕ್ಕಿದ್ದ ಹಾಗೆ ಕೇಳಿದ:

‘ಅವತ್ತು ಅಮ್ಮ ಬೈದ್ರಲ್ಲ, ಬಗ್ಗಿಸಿದ್ ಕೊಕ್ಕೆ ಏನ್ ಮಾಡ್ದೆ?’

ಬಗ್ಗಿಸಿದ ಕಂಬಿಯನ್ನು ಸುಮ್ಮನೆ ಬಿಸಾಡುವವನಲ್ಲ ನಾನು. ಆ ದಿನ ಅದನ್ನು ಮುಂಬಾಗಿಲ ಹೊರಗಿನ ಪೋರ್ಟಿಕೋದ ತಾರಸಿಗೆ ಕಟ್ಟಿದ್ದೆ. ಈಗ ಅದರಲ್ಲಿ ನಾನು ಮಾಡಿದ ದೀಪ ತೂಗುತ್ತಿತ್ತು. ಎಂಟು ದಳದ ಕಮಲ, ದಳಕ್ಕೊಂದು ಬಲ್ಬು, ಮೇಲೆ ಚಿನ್ನದ ಬಣ್ಣ. ಅಂಗಡಿ ಕೆಲಸ ಮುಗಿಸಿ ಸಂಜೆ ಸಂಜೆ ಕೂತು ಒಂದು ತಿಂಗಳು ಮಾಡಿದ್ದೆ. ನೆಂಟರು ಗೇಟಿನಿಂದ ಒಳಗೆ ಬಂದ ಕೂಡಲೇ ಮೊದಲು ಕಣ್ಣಿಗೆ ಬೀಳಬೇಕಾದದ್ದು ಅದೇ ಎಂದು ಆಸೆಪಟ್ಟಿದ್ದೆ.

ಒಂದು ಕ್ಷಣ ನಿಂತೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಮೇನ್ ಸ್ವಿಚ್ ಆರಿಸಿ ಏಣಿ ಹತ್ತಿದೆ.

‘ದೀಪ?’ ಎಂದ ಮೇಸ್ತ್ರಿ.

‘ದೀಪ ಮೂಲೇಲಿರ್ಲಿ. ಹಿಡ್ಕೋ, ಭಾರ ಇದೆ.’

ಕೊಕ್ಕೆಗೆ ಹಗ್ಗ ಬಿಗಿದು, ಮೊದಲು ನಾನೇ ಅದನ್ನು ಹಿಡಿದು ಎರಡೂ ಕಾಲೆತ್ತಿ ಜೋತುಬಿದ್ದೆ.

‘ಮೌಲ್ಡಿಂಗ್ ಯಾರ್ದು? ನಂದು. ಬೀಳಲ್ಲ, ಇಳಿ’ ಎಂದ ಅವನು.

‘ಕೊಕ್ಕೆ ಯಾರ್ದು? ನಂದು. ಅದಕ್ಕೇ ಬೀಳಲ್ಲ’ ಎಂದೆ ನಾನು.

ಸೀರೆ ಕಟ್ಟಿ ಸರಿಯಾಗಿದೆಯೇ ಎಂದು ತೂಗಿ ನೋಡಲು ಹೋದಾಗ ಅಮ್ಮ ಒಳಗಿನಿಂದಲೇ ಕೂಗಿದರು, ‘ಖಾಲಿ ಜೋಲಿ ತೂಗ್ಬೇಡ್ವೋ!’ ಹೆಂಡತಿ ಓಡಿ ಬಂದು ಮಗಳನ್ನು ಒಳಗಿಟ್ಟಳು. ಇನ್ನೂ ಬಿಕ್ಕುತ್ತಿದ್ದವಳು ಸೀರೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಹಗ್ಗ ಕೊಕ್ಕೆಗೆ ಉಜ್ಜಿ ಕಿರ್ರ್ ಎಂದಿತು. ನಾಲ್ಕನೇ ತೂಗಿಗೋ ಐದನೇ ತೂಗಿಗೋ ಮುಷ್ಟಿ ಸಡಿಲವಾಯಿತು. ನಾವು ಮೂವರೂ ಉಸಿರು ಬಿಗಿಹಿಡಿದು ಬಗ್ಗಿ ನೋಡಿದೆವು. ಮಲಗಿದ್ದಳು. ಹೆಂಡತಿ ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟು, ಸದ್ದಿಲ್ಲದೆ ನಕ್ಕು ಒಳಗೆ ಓಡಿದಳು.

ಅಷ್ಟರಲ್ಲಿ ನೆಂಟರು ಬರುವುದು ಶುರುವಾಯಿತು. ಮುಂಬಾಗಿಲಿಗೆ ಸರಿಯಾಗಿ ಅಡ್ಡವಾಗಿ ಜೋಲಿ. ಮೇಸ್ತ್ರಿ ಗೇಟಿನಲ್ಲಿ ನಿಂತು ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಕಂಚಿನ ಕಂಠದವರೆಂದು ಹೆಸರಾದ ನಮ್ಮ ದೊಡ್ಡಮಾವ ‘ಏನಪ್ಪಾ, ಕೊನೆಗೂ...’ ಎಂದು ಬಾಯಿ ತೆರೆದವರು ಹಾಗೇ ಮುಚ್ಚಿ, ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಒರಗಿ ಒಳಗೆ ದಾಟಿದರು. ಅತ್ತಿಗೆ ಉಡುಗೊರೆಯ ಡಬ್ಬಿ ತಲೆಯ ಮೇಲಿಟ್ಟುಕೊಂಡು ಹಗ್ಗದ ಪಕ್ಕದಲ್ಲಿ ತೂರಿದರು. ‘ಮನೆ ನೋಡಕ್ ಬಂದ್ರೆ ಕಳ್ಳರ ಥರ ನುಗ್ಗೋ ಹಾಗಾಯ್ತಲ್ಲೋ’ ಎಂದು ಕಿವಿಯಲ್ಲಿ ಪಿಸುಗುಟ್ಟಿದರು. ಗೇಟನ್ನು ಯಾರೂ ನೋಡಲಿಲ್ಲ. ಎಲ್ಲರೂ ಜೋಲಿಯೊಳಗೆ ಬಗ್ಗಿ ನೋಡಿ, ನಕ್ಕು, ಚಪ್ಪಲಿಯನ್ನು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು ಒಳಗೆ ಹೋದರು.

ನಾನು ಅಲ್ಲಿಂದ ಏಳಲಿಲ್ಲ. ಹೊಸ್ತಿಲ ಹೊರಗೆ ನೆಲದ ಮೇಲೆ ಕೂತು ತೂಗುತ್ತಿದ್ದೆ. ಎಲೆ ಅಲ್ಲಿಗೇ ಬಂತು. ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಹೋಳಿಗೆ. ಒಳಗೆ ಮೇಸ್ತ್ರಿ ನನ್ನ ಪರವಾಗಿ ಮನೆ ತೋರಿಸುತ್ತಾ, ಪಿಸುದನಿಯಲ್ಲೇ ‘ಈ ಮೌಲ್ಡಿಂಗ್ ನಂದು, ಆ ಮೌಲ್ಡಿಂಗೂ ನಂದು’ ಎನ್ನುತ್ತಿದ್ದ. ಐವತ್ತು ಜನ ಪಿಸುಗುಟ್ಟುತ್ತಾ ಊಟ ಮಾಡಿದರು. ಹಪ್ಪಳ ಮುರಿದ ಸದ್ದಾದರೂ ಯಾರೋ ‘ಶ್’ ಅನ್ನುತ್ತಿದ್ದರು, ಅದಕ್ಕೆ ಇನ್ಯಾರೋ ನಗುತ್ತಿದ್ದರು. ಅಂಥ ಗೃಹಪ್ರವೇಶವನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೂರೂವರೆಗೆ ಸೀರೆ ಅಲುಗಿತು. ಮೊದಲು ಒಂದು ಕಾಲು ಹೊರಬಂತು, ಆಮೇಲೆ ಕೆದರಿದ ತಲೆ. ಗೇಟು ನೋಡಿದಳು. ಬಾಗಿಲ ಬಳಿಯ ಚಪ್ಪಲಿಗಳ ರಾಶಿ ನೋಡಿದಳು. ನನ್ನನ್ನು ನೋಡಿದಳು. ಈಗ ಮತ್ತೆ ಅದೇ ಮಾತು ಬರುತ್ತದೆಂದು ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡೆ.

‘ನೀಉ’ ಎಂದಳು.

ನೀರು ತರಲು ನಾನು ಏಳಬೇಕೆನ್ನುವಷ್ಟರಲ್ಲಿ ನನ್ನ ತೊಡೆಯ ಮೇಲೆ ಕಾಲಿಟ್ಟು ತಾನೇ ಕೆಳಗಿಳಿದಳು. ಎರಡೂ ಕೈ ನೆಲಕ್ಕೂರಿ ಹೊಸ್ತಿಲು ದಾಟಿದಳು. ಹಾಲ್‌ನಲ್ಲಿ ಕೂತಿದ್ದ ನೆಂಟರ ಕಾಲುಗಳ ನಡುವೆ ನುಸುಳಿ, ತನ್ನ ಅಮ್ಮನ ಬಳೆಯ ಸದ್ದು ಬರುತ್ತಿದ್ದ ಅಡುಗೆಮನೆಗೆ ನೆಟ್ಟಗೆ ನಡೆದುಹೋದಳು. ಹಿಂದೆ ಓಡೋಣವೆಂದರೆ ಮೂರು ಗಂಟೆ ಮಡಚಿ ಕೂತಿದ್ದ ಕಾಲು ಜೋಮು ಹಿಡಿದು ಮೇಲೇಳಲೇ ಇಲ್ಲ. ಅಲ್ಲೇ ಕೂತು ಕಿವಿಗೊಟ್ಟೆ. ಒಳಗೆ ಲೋಟ ಉರುಳಿದ ಸದ್ದು. ‘ಅಯ್ಯೋ, ಈಗ್ ತಾನೇ ಒರೆಸಿದ್ನಲ್ಲೇ!’ ಎಂದು ಹೆಂಡತಿ. ಅದರ ಹಿಂದೆಯೇ ಮಗಳ ನಗು, ಮನೆ ತುಂಬ.